ಲೇಸರ್ ಆಗುತ್ತೆ ಅಂದ್ರು, ನಾನೇ ಬೇಡ ಅಂದೆ

ಏಳನೇ ಕ್ಲಾಸಿನಿಂದ ಮೂಗಿನ ಮೇಲೆ ಕೂತಿರುವ ಕನ್ನಡಕ. ಕಣ್ಣಿಗೆ ಲೇಸರ್ ಆಪರೇಷನ್ ಮಾಡಿಸಿ ಇದನ್ನು ಒಂದೇ ದಿನದಲ್ಲಿ ಇಳಿಸಿಬಿಡಬಹುದು ಅಂದರೆ ಯಾರಿಗೆ ಆಸೆ ಆಗಲ್ಲ ಹೇಳಿ. ನನಗೂ ಆಯಿತು. ವಯಸ್ಸು 43, ಎರಡೂ ಕಣ್ಣಿಗೆ ಮೈನಸ್ 3. ಹೋಗಿ ಎಲ್ಲ ಟೆಸ್ಟ್ ಮಾಡಿಸಿಕೊಂಡೆ. ರಿಪೋರ್ಟ್ ಚೆನ್ನಾಗಿತ್ತು, ಲೇಸರ್ ಮಾಡಬಹುದು ಅಂದರು. ಮಾಡಿಸಿಕೊಳ್ಳದೆ ವಾಪಸ್ ಬಂದೆ. ಆವತ್ತಿನಿಂದ ಎಲ್ಲರೂ ಕೇಳೋದು ಒಂದೇ, ಹೆದರಿಕೊಂಡೆಯಾ ಅಂತ. ಸ್ವಲ್ಪ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕಾರಣ ಅದಲ್ಲ.

ಮೈನಸ್ 3 ಇರುವ ಕಣ್ಣಿಗೆ ಕನ್ನಡಕ ಇಲ್ಲದೆ ಸುಮಾರು 33 ಸೆಂಟಿಮೀಟರ್ ದೂರದಲ್ಲಿರುವುದು ನಿಚ್ಚಳವಾಗಿ ಕಾಣುತ್ತದೆ. ಹೆಚ್ಚುಕಮ್ಮಿ ಪುಸ್ತಕ ಹಿಡಿಯುವ ದೂರ. ಮಾತ್ರೆ ಪಟ್ಟಿಯ ಹಿಂದೆ ಇರುವೆ ಸಾಲಿನ ಹಾಗೆ ಎಕ್ಸ್‌ಪೈರಿ ತಾರೀಕು ಹಾಕಿರುತ್ತಾರಲ್ಲ, ಅದನ್ನು ನಾನು ಕನ್ನಡಕ ಹಣೆಗೇರಿಸಿ ಸಲೀಸಾಗಿ ಓದುತ್ತೇನೆ. ಸೂಜಿಗೆ ದಾರ ಪೋಣಿಸುವುದೂ ಹಾಗೇ. ನಲವತ್ತು ದಾಟುವ ಹೊತ್ತಿಗೆ ಕಣ್ಣೊಳಗಿನ ಲೆನ್ಸ್ ಗಡುಸಾಗಿರುತ್ತದೆ, ಹತ್ತಿರದ್ದನ್ನು ನೋಡೋಕೆ ಬೇಕಾದ ಹಾಗೆ ಬಾಗುವುದಿಲ್ಲ. ನಮ್ಮ ಹಿರಿಯರು ಕನ್ನಡಕಕ್ಕೆ ಚಾಳೀಸು, ಅಂದರೆ ನಲವತ್ತು, ಅಂದಿದ್ದು ಸುಮ್ನೆ ಅಲ್ಲ. ಲೇಸರ್ ಕೆತ್ತುವುದು ಕಣ್ಣಿನ ಮುಂದಿರುವ ಕಾರ್ನಿಯಾವನ್ನು, ಒಳಗಿನ ಲೆನ್ಸನ್ನು ಅದು ಮುಟ್ಟುವುದೇ ಇಲ್ಲ. ಹಾಗಾಗಿ ದೂರದ್ದು ಸರಿಹೋಗುತ್ತದೆ, ಆದರೆ ಮೈನಸ್ 3 ಹೋದಮೇಲೆ ಹತ್ತಿರದ್ದಕ್ಕೆ ಆ ಗಡುಸು ಲೆನ್ಸೇ ಗತಿ, ಈ ಹಣೆಗೇರಿಸಿ ಓದುವ ಸುಖ ಹೋಗುತ್ತದೆ.

ಬಾಯಲ್ಲಿ ಹೇಳಿದಾಗ ನನಗೆ ಇದು ತಲೆಗೆ ಹತ್ತಲಿಲ್ಲ. ಟೆಸ್ಟ್ ಮಾಡುತ್ತಿದ್ದ ಹುಡುಗಿ ಎರಡೂ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿ, "ಮೇಡಂ, ಲೇಸರ್ ಆದಮೇಲೆ ಹೆಚ್ಚುಕಮ್ಮಿ ಹೀಗೇ ಕಾಣುತ್ತೆ, ಅರ್ಧ ಗಂಟೆ ಓಡಾಡಿಕೊಂಡು ಬನ್ನಿ" ಅಂದಳು. ಹೊರಗೆ ಬಂದೆ. ದೂರದ ಮರದ ಒಂದೊಂದು ಎಲೆಯೂ ಕಾಣುತ್ತಿತ್ತು. ಅಷ್ಟರಲ್ಲಿ ಫೋನ್ ಬಂತು. ಯಾರದ್ದು ಅಂತ ನೋಡಿದರೆ ಹೆಸರು ಮಸಕು. ಅಭ್ಯಾಸಬಲದಿಂದ ಕೈ ಕನ್ನಡಕ ಏರಿಸೋಕೆ ಹೋಯಿತು, ಅಲ್ಲಿ ಕನ್ನಡಕವೇ ಇಲ್ಲ!

ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುವ ದಾರಿಯೂ ಇದೆ, ಮಾನೋವಿಷನ್ ಅಂತ. ಕೆಲವರಿಗೆ ಒಗ್ಗುತ್ತದೆ. ಅದನ್ನೂ ಲೆನ್ಸ್ ಹಾಕಿ ನೋಡಿದೆ, ಮೆಟ್ಟಿಲು ಇಳಿಯುವಾಗ ತಲೆ ಒಂಥರಾ ಆಯಿತು. ಬೇಡ ಅನ್ನಿಸಿತು.

ಹಾಗಂತ ಲೇಸರನ್ನು ಬಯ್ಯೋಕೆ ಬಂದಿಲ್ಲ. ವಯಸ್ಸು 25, ಒಂದು ವರ್ಷದಿಂದ ಪವರ್ ಬದಲಾಗದೆ ನಿಂತಿದೆ, ಕಾರ್ನಿಯಾ ದಪ್ಪ ಇದೆ, ಕಣ್ಣು ಒಣಗುವ ತೊಂದರೆ ಇಲ್ಲ, ಬಸುರಿಯಲ್ಲ, ಮಗುವಿಗೆ ಹಾಲು ಕುಡಿಸುತ್ತಿಲ್ಲ ಅಂದರೆ ನಾನೇ ಹೋಗು ಅನ್ನುತ್ತೇನೆ. ಆದರೆ ವಯಸ್ಸು ಒಂದೇ ಸಾಲದು. ನನ್ನ ಅಕ್ಕನ ಮಗಳಿಗೆ 24, ಪವರ್ ಮೈನಸ್ 9. ಅವಳು ಕಾಂಟ್ಯಾಕ್ಟ್ ಲೆನ್ಸ್ ಹಾಕುವವಳು, ಅದು ಕಾರ್ನಿಯಾದ ಆಕಾರವನ್ನೇ ಸ್ವಲ್ಪ ಬದಲಿಸಿರುತ್ತದೆ ಅಂತ ಎರಡು ವಾರ ಬಿಡಿಸಿ ಆಮೇಲೆ ಅಳತೆ ತೆಗೆದರು. ಕಾರ್ನಿಯಾದ ದಪ್ಪ 505 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್‌ನಷ್ಟು. ಲ್ಯಾಸಿಕ್ ಅನ್ನುವ ಲೇಸರ್ ವಿಧಾನದಲ್ಲಿ ಮೇಲಿನ ಪದರ ಎತ್ತೋಕೆ 110 ಹೋಗುತ್ತದೆ, ಒಂದೊಂದು ಪವರ್‌ಗೆ 13ರ ಹಾಗೆ ಕೆತ್ತಿದರೆ ಉಳಿಯುವುದು 280ರ ಆಸುಪಾಸು. ಕನಿಷ್ಠ 250 ಇರಲೇಬೇಕು ಅನ್ನುತ್ತಾರೆ, 300 ಬೇಕು ಅನ್ನುವ ಡಾಕ್ಟರೂ ಬೇಕಾದಷ್ಟು. ಅದರ ಮೇಲೆ ಅವಳ ಕಾರ್ನಿಯಾದ ಮ್ಯಾಪಿನಲ್ಲಿ ಕೆಳಭಾಗ ಸ್ವಲ್ಪ ಉಬ್ಬಿದ ಹಾಗಿತ್ತು. ಕೆರಟೋಕೋನಸ್, ಅಂದರೆ ಕಾರ್ನಿಯಾ ತೆಳ್ಳಗಾಗಿ ಮುಂದಕ್ಕೆ ಉಬ್ಬುವ ಕಾಯಿಲೆ, ಶುರುವಾಗುವ ಲಕ್ಷಣ ಇರಬಹುದು, ಅಂಥ ಕಣ್ಣನ್ನು ಕೆತ್ತಿದರೆ ಇನ್ನೂ ಉಬ್ಬುತ್ತದೆ ಅಂದುಬಿಟ್ಟರು. ಬೇಡ ಅಂದ ಡಾಕ್ಟರ ಮೇಲೆ ಅವಳಿಗೆ ಈಗಲೂ ಸಿಟ್ಟು. ನನಗಂತೂ ಅವರ ಮೇಲೆ ನಂಬಿಕೆ ಬಂದಿದ್ದೇ ಆವತ್ತು. ಆರು ತಿಂಗಳು ಬಿಟ್ಟು ಮತ್ತೆ ಮ್ಯಾಪ್ ತೆಗೆಯೋಣ, ಉಬ್ಬು ಹೆಚ್ಚಾಗಿಲ್ಲ ಅಂದರೆ ಕಣ್ಣೊಳಗೇ ಇಡುವ ಐಸಿಎಲ್ ಲೆನ್ಸ್ ಯೋಚಿಸಬಹುದು ಅಂದಿದ್ದಾರೆ.

ಇನ್ನೊಂದು ಮಾತು, ಇದನ್ನು ಯಾರೂ ಒತ್ತಿ ಹೇಳಲ್ಲ. ಮೈನಸ್ ಜಾಸ್ತಿ ಇದ್ದವರ ಕಣ್ಣುಗುಡ್ಡೆ ಉದ್ದ ಇರುತ್ತದೆ, ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾ, ತೆಳ್ಳಗಾಗಿರುತ್ತದೆ. ಲೇಸರ್ ಆಗಿ ಕನ್ನಡಕ ಹೋದರೂ ಅದು ಹಾಗೇ ಇರುತ್ತದೆ. ರೆಟಿನಾ ಚೆಕಪ್ ಬಿಡಬೇಡಿ.

ನಮ್ಮ ಯಜಮಾನರಿಗೆ ಜೀವಮಾನದಲ್ಲಿ ಕನ್ನಡಕ ಇರಲಿಲ್ಲ, ಆ ಜಂಭವೂ ಇತ್ತು. ಈಗ ಮೆಸೇಜ್ ಬಂದರೆ ಫೋನನ್ನು ದೂರ ದೂರ ಹಿಡಿಯುತ್ತ ಹೋಗಿ, ಕೈ ಸಾಲದಾದಾಗ ನನ್ನ ಕಡೆ ಚಾಚುತ್ತಾರೆ. ನಾನು ಕನ್ನಡಕ ಹಣೆಗೇರಿಸಿ ಓದಿ ಹೇಳುತ್ತೇನೆ.