ಎಫ್-16ಕ್ಕೆ ಮಂಡ್ಯದಲ್ಲಿ ಹೂವಿನ ಹಾರ

ನಿನ್ನೆ ನೂರಡಿ ರಸ್ತೆಯಲ್ಲಿ ಒಂದು ಫ್ಲೆಕ್ಸ್ ನೋಡಿದೆ. "ಹೆಮ್ಮೆಯ ವಾಯುಪಡೆಗೆ ನಮ್ಮ ನಮನ". ಕೆಳಗೆ ಎಂದಿನಂತೆ ಸಾಲುಸಾಲು ಮುಖಗಳು, ಕೈಮುಗಿದವರು, ಕೂಲಿಂಗ್ ಗ್ಲಾಸ್ ಹಾಕಿದವರು. ಮೇಲೆ ಮೋಡ ಸೀಳಿಕೊಂಡು ಹೋಗುವ ಒಂದು ಯುದ್ಧವಿಮಾನ. ಪಕ್ಕದಲ್ಲಿ ದಪ್ಪಕ್ಷರದಲ್ಲಿ "ತೇಜಸ್", ನಮ್ಮ ದೇಶದಲ್ಲೇ ತಯಾರಾದ ಯುದ್ಧವಿಮಾನದ ಹೆಸರು. ವಿಮಾನ ಮಾತ್ರ ಎಫ್-16. ಅಮೆರಿಕದವರು ಮಾಡಿದ್ದು. ನಮ್ಮ ವಾಯುಪಡೆಯಲ್ಲಿ ಅದು ಒಂದೂ ಇಲ್ಲ. ಯಾರ ಹತ್ತಿರ ಇದೆ ಅಂತ ಬಿಡಿಸಿ ಹೇಳಬೇಕಾ? ಪಾಕಿಸ್ತಾನದ ಹತ್ತಿರ ಇದೆ. ಅದಕ್ಕೆ ಯಾರೋ ಪುಣ್ಯಾತ್ಮರು ಹೂವಿನ ಹಾರ ಬೇರೆ ಹಾಕಿದ್ದರು.

ನನ್ನ ಬಾಯಿ ಸುಮ್ಮನಿರುವುದಿಲ್ಲ, ನಿಮಗೆ ಗೊತ್ತಲ್ಲ. ಫ್ಲೆಕ್ಸ್ ಅಂಗಡಿ ಹುಡುಕಿಕೊಂಡು ಹೋಗಿ ಕೇಳಿದೆ. ಹುಡುಗ ಮೊಬೈಲ್ ತಿರುಗಿಸಿ ತೋರಿಸಿದ. "ನೋಡಿ ಸಾ, ತೇಜಸ್ ಅಂತ ಹೊಡುದ್ರೆ ಇದೇ ಬತ್ತದೆ. ಕೆಳಗಡೆ ಹೆಸ್ರೂ ಬರ್ದವ್ರೆ. ನಾನೇನ್ ಮಾಡ್ಲಿ?"

ಬರೆದಿದ್ದರು, ನಿಜ. ಎಫ್-16ಕ್ಕೆ ಗಾಳಿ ನುಂಗುವ ಬಾಯಿ ಹೊಟ್ಟೆಯ ಕೆಳಗೆ ಒಂದೇ ಇರುತ್ತದೆ. ಬಾಲದಲ್ಲಿ ಎರಡೂ ಕಡೆ ಚಿಕ್ಕ ರೆಕ್ಕೆ. ತೇಜಸ್‌ಗೆ ಬಾಲದಲ್ಲಿ ಆ ಚಿಕ್ಕ ರೆಕ್ಕೆಗಳೇ ಇಲ್ಲ, ಬಾಯಿ ಎರಡು, ಆಚೆ ಈಚೆ. ಇಷ್ಟು ಆ ಹುಡುಗನಿಗೆ ಗೊತ್ತಿರಬೇಕಾಗಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಹೆಸರು ಬರೆದವರ ಮೇಲೆ ಸಿಟ್ಟು. ತಪ್ಪು ಅಂತ ತೋರಿಸಿದ ಮೇಲೂ ತಿದ್ದದೆ ಕೂತವರ ಮೇಲೆ ಇನ್ನೂ ಜಾಸ್ತಿ ಸಿಟ್ಟು.

ರಾತ್ರಿ ಊಟ ಆದ ಮೇಲೆ ನಾನು ಏನು ಮಾಡುತ್ತೇನೆ ಅಂತ ನನ್ನ ಹೆಂಡತಿಯನ್ನು ಕೇಳಿ, ಹಲ್ಲು ಕಡಿದುಕೊಂಡು ಹೇಳುತ್ತಾಳೆ. ಇಂಟರ್ನೆಟ್ಟಿನಲ್ಲಿರುವ ವಿಮಾನಗಳ ಫೋಟೋ ಭಂಡಾರಗಳಲ್ಲಿ ಹೆಸರು ತಪ್ಪಾಗಿರುವುದನ್ನು ಹುಡುಕಿ ತಿದ್ದುಪಡಿ ಕಳಿಸುತ್ತೇನೆ. ಮೊನ್ನೆಯ ಕಥೆ ಕೇಳಿ. ಒಂದು ಕಪ್ಪು-ಬಿಳುಪು ಫೋಟೋ. ಹೆಸರು "ಹಾಕರ್ ಹಂಟರ್". ನೋಡಿದರೆ ನಮ್ಮ ಮಾರುತ್! ಎಚ್‌ಎಫ್-24 ಮಾರುತ್. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಹುಟ್ಟಿದ ಕೂಸು. ಜರ್ಮನಿಯ ಕರ್ಟ್ ಟ್ಯಾಂಕ್ ಇಲ್ಲಿಗೆ ಬಂದು ವಿನ್ಯಾಸ ಮಾಡಿದ್ದು. 1961ರ ಜೂನ್ 17ರಂದು ಅದನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. ಬೆಂಗಳೂರಿನಲ್ಲಿ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಶಾಪ ಹಾಕಿದ್ದೀರಲ್ಲ, ಅದೇ ದಾಸ್. 1970ರಲ್ಲಿ ಮಾರುತ್ ಹಾರಿಸುವಾಗಲೇ ಜೀವ ಬಿಟ್ಟರು. ಒಟ್ಟು 147 ಮಾರುತ್ ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹಾರಿದವು. ಇನ್ನು ಎಚ್‌ಎಎಲ್ ಅನ್ನೋದು 1940ರಲ್ಲಿ ಶುರುವಾದಾಗ ಅದಕ್ಕೆ ಹಣ ಹಾಕಿದವರಲ್ಲಿ ನಮ್ಮ ಮೈಸೂರು ಸಂಸ್ಥಾನವೂ ಒಂದು. ಇಷ್ಟೆಲ್ಲ ಇದ್ದೂ ಅದಕ್ಕೆ ಇಂಗ್ಲೆಂಡಿನ ವಿಮಾನದ ಹೆಸರು!

ಹಂಟರ್‌ಗೆ ಎಂಜಿನ್ ಒಂದು. ಹಿಂದಿನಿಂದ ನೋಡಿದರೆ ಹೊಗೆ ಬರುವ ತೂತು ಒಂದು. ಮಾರುತ್‌ಗೆ ಎಂಜಿನ್ ಎರಡು, ತೂತು ಎರಡು. ಆ ಫೋಟೋ ತೆಗೆದದ್ದೇ ಹಿಂದಿನಿಂದ. ಎರಡರವರೆಗೆ ಎಣಿಸಲು ಬಂದರೆ ಸಾಕಿತ್ತು.

ವಿವರವಾಗಿ ಬರೆದು ಕಳಿಸಿದೆ. ಉತ್ತರ ಬಂತು: ಫೋಟೋ ಹಾಕಿದವರ ವಿವರದಲ್ಲಿ ಹಂಟರ್ ಅಂತಿದೆ, ಬೇರೆ ಕಡೆಯೂ ಹಾಗೇ ಇದೆ, ಹಾಗಾಗಿ ಬದಲಾಯಿಸಲು ಆಗುವುದಿಲ್ಲ. ಬೇರೆ ಕಡೆ ಅಂದರೆ ಎಲ್ಲಿ ಅಂತ ಹೋಗಿ ನೋಡಿದೆ. ಅಲ್ಲಿ ಫೋಟೋ ಕೆಳಗೆ ಏನಿತ್ತು ಗೊತ್ತಾ? "ಕೃಪೆ" ಅಂತ ಇವರದೇ ಹೆಸರು! ಇವರಿಗೆ ಅವರು ಸಾಕ್ಷಿ, ಅವರಿಗೆ ಇವರು ಸಾಕ್ಷಿ. ವಿಮಾನ ಪಾಪ ಎರಡು ತೂತು ತೋರಿಸಿಕೊಂಡು ನಿಂತಿದೆ, ಅದರ ಸಾಕ್ಷಿ ಯಾರಿಗೂ ಬೇಡ. ಫೋಟೋ ನೋಡಿ ಅಂದರೆ ಹೆಸರು ಓದುತ್ತಾರೆ. ಎಷ್ಟು ಸಲ ಹೇಳಿದರೂ ಹೆಸರನ್ನೇ ಓದುತ್ತಾರೆ.

ಮಾರುತ್ ಅಪರೂಪದ್ದು, ಬಿಡಿ ಅನ್ನಬಹುದು. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡವಾದರೂ ಗೊತ್ತಿರಬೇಕಲ್ಲ? ದಸರಾದಲ್ಲಿ ಬನ್ನಿಮಂಟಪದ ಮೇಲೆ ಹಾರಿದಾಗ ಅರ್ಧ ಮೈಸೂರು ಮಹಡಿ ಮೇಲಿತ್ತು. ಈಗ ಅವರದು ಹಾಕ್ ವಿಮಾನ. 2011ರವರೆಗೆ ಹಾರಿಸುತ್ತಿದ್ದದ್ದು ಕಿರಣ್. ಕಿರಣ್‌ನಲ್ಲಿ ಇಬ್ಬರು ಪಕ್ಕಪಕ್ಕ ಕೂರುತ್ತಾರೆ, ಹಾಕ್‌ನಲ್ಲಿ ಹಿಂದೆ ಮುಂದೆ. ಆದರೆ ಹಳೇ ಕಿರಣ್ ಫೋಟೋಗಳಿಗೂ ಹಾಕ್ ಅಂತಲೇ ಹೆಸರು. ಚೇತಕ್‌ಗೂ ಚೀತಾಗೂ ವ್ಯತ್ಯಾಸ ಇಲ್ಲ ಇವರಿಗೆ. ಚೀತಾ ಹೆಲಿಕಾಪ್ಟರಿನ ಬಾಲ ಬರೀ ಕಂಬಿ ಕಂಬಿ, ಆಚೆಯ ಆಕಾಶವೇ ಕಾಣುತ್ತದೆ. ಚೇತಕ್‌ನದು ಮುಚ್ಚಿದ ಬಾಲ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದರಲ್ಲ, ಆಗಿನಿಂದ ಕಂಡ ಕಂಡ ಮಿಗ್-21 ಎಲ್ಲಾ "ಬೈಸನ್". 1971ರ ಯುದ್ಧದ ಫೋಟೋ ಕೂಡ ಬೈಸನ್! ಬೈಸನ್ ಬಂದದ್ದು ಅದಾಗಿ ಎಷ್ಟೋ ವರ್ಷದ ಮೇಲೆ, ಹಳೇ ಮಿಗ್‌ಗಳಿಗೆ ಹೊಸ ರೇಡಾರ್ ಅದು ಇದು ಹಾಕಿ ನವೀಕರಿಸಿದಾಗ.

ನನ್ನ ಭಾವಮೈದ ಕೇಳಿದ, "ಯಾವ್ ವಿಮಾನ ಆದ್ರೇನ್ ಭಾವ, ದೇಶಭಕ್ತಿ ಮುಖ್ಯ ತಾನೇ?" ಇವನು ಹಳ್ಳಿಕಾರ್ ಎತ್ತು ಸಾಕಿರುವವನು. ನಾಳೆ ಜಾತ್ರೆಯಲ್ಲಿ ಇವನ ಜೋಡಿ ನೋಡಿ ಯಾರಾದರೂ "ಜರ್ಸಿ ಚೆನ್ನಾಗೈತೆ" ಅನ್ನಲಿ, ಆಮೇಲೆ ನೋಡೋಣ ಯಾವುದು ಮುಖ್ಯ ಅಂತ.

ಇನ್ನು ಕೆಲವರು ಹೇಳುತ್ತಾರೆ, ಆ ಫೋಟೋ ಭಂಡಾರ ನೋಡಿಕೊಳ್ಳುವವರಿಗೆ ಸಂಬಳ ಇಲ್ಲ, ಬಿಡುವಿನಲ್ಲಿ ಮಾಡುತ್ತಾರೆ, ಲಕ್ಷಾಂತರ ಫೋಟೋ ಇರುತ್ತವೆ ಅಂತ. ಇರಬಹುದು. ನನಗೇನು ಸಂಬಳ ಬರುತ್ತಿದೆಯಾ? ಹುಡುಕಿ, ಹೋಲಿಸಿ, ಬರೆದು ತಟ್ಟೆಗೆ ಬಡಿಸಿ ಕೊಟ್ಟರೂ ಬೇಡ ಅನ್ನುವುದು ಪುರುಸೊತ್ತಿಲ್ಲದವರ ಲಕ್ಷಣ ಅಲ್ಲ.

ಒಂದು ವಿಷಯ ಹೇಳಿಬಿಡುತ್ತೇನೆ, ನಗಬೇಡಿ. ತಿದ್ದುಪಡಿ ಒಪ್ಪಿಕೊಂಡರು ಅಂತ ಮೆಸೇಜ್ ಬಂದರೆ ನನಗೆ ಆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ತಪ್ಪೇ ಸಿಗದ ದಿನ ಮಾತ್ರ ಏನೋ ಬೇಜಾರು. ದೇಶಸೇವೆ ಅಂತೆಲ್ಲ ಹೇಳಿಕೊಳ್ಳುವುದಿಲ್ಲ, ಇದೊಂದು ಚಟ.

ಆ ಮಾರುತ್ ವಿಷಯ ನಾನು ಬಿಟ್ಟಿಲ್ಲ. ಇಲ್ಲಿ ಒಂದು ಸಹಾಯ ಬೇಕು. ಎಚ್‌ಎಎಲ್‌ನಲ್ಲಿ ದುಡಿದು, ರಿಟೈರ್ ಆಗಿ ಮೈಸೂರು, ಮಂಡ್ಯದಲ್ಲಿ ಬಂದು ನೆಲೆಸಿದ ಹಿರಿಯರು ನಿಮ್ಮ ಮನೆಗಳಲ್ಲಿ, ಬೀದಿಗಳಲ್ಲಿ ಇರುತ್ತಾರೆ. ಅವರ ಹಳೇ ಆಲ್ಬಮ್ಮಿನಲ್ಲಿ ಮಾರುತ್ ಫೋಟೋ ಇದ್ದರೆ ಅವರನ್ನು ಕೇಳಿ ಸ್ಕ್ಯಾನ್ ಮಾಡಿ ಕಳಿಸಿ. ಹಿಂದುಗಡೆ ಪೆನ್ನಿನಲ್ಲಿ ಏನಾದರೂ ಬರೆದಿದ್ದರೆ ಅದನ್ನೂ ಕಳಿಸಿ. ವಿಮಾನದ ಮೇಲೆ ಬರೆದಿರುವ ನಂಬರ್ ಕಾಣಬೇಕು, ಇಲ್ಲದಿದ್ದರೆ ಆ ಮಹಾನುಭಾವರು ಮತ್ತೆ ಆಧಾರ ಕೇಳುತ್ತಾರೆ. ದಯವಿಟ್ಟು ಮುಖಗಳಷ್ಟೇ ಇಟ್ಟುಕೊಂಡು ವಿಮಾನದ ಬಾಲ ಕತ್ತರಿಸಿ ಕಳಿಸಬೇಡಿ.