ನದಿ ತಳದ ಕೆಸರನ್ನೂ ಸ್ವಲ್ಪ ನೋಡಿ

ನದಿಯಿಂದ ಅಂತರ್ಜಲಕ್ಕೆ ನೀರು ಇಂಗುವ ಬಗ್ಗೆ ನಕ್ಷೆ ಸಮೇತ ನೀವು ಬರೆದ ಲೇಖನ ಓದಿದೆ. ಅಂತರ್ಜಲ ಎಷ್ಟು ಇಳಿಯುತ್ತದೋ ನದಿಯಿಂದ ಅಷ್ಟು ಜಾಸ್ತಿ ನೀರು ಇಂಗುತ್ತದೆ ಅಂತ ಅದರಲ್ಲಿದೆ. ಒಂದು ಹಂತದವರೆಗೆ ಸರಿ. ಆಮೇಲೆ ಅಲ್ಲ.

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1984ರಲ್ಲಿ ಹೊರತಂದ ಮಾಡ್‌ಫ್ಲೋ ಅನ್ನುವ, ಅಂತರ್ಜಲದ ಹರಿವು ಲೆಕ್ಕ ಹಾಕುವ ತಂತ್ರಾಂಶವನ್ನೇ ತಗೊಳ್ಳಿ. ಅದರಲ್ಲಿ ನದಿಯ ಲೆಕ್ಕ ತುಂಬಾ ಸರಳ. ನದಿ ನೀರಿನ ಮಟ್ಟದಿಂದ ಅಂತರ್ಜಲದ ಮಟ್ಟ ಕಳೆಯುವುದು, ತಳದ ಕೆಸರು ನೀರನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಅನ್ನುವ ಸಂಖ್ಯೆಯಿಂದ ಗುಣಿಸುವುದು. ನೀರಿನ ಮಟ್ಟದ ವ್ಯತ್ಯಾಸ ಹೆಚ್ಚಿದಷ್ಟೂ ಮರಳು-ಮಣ್ಣಿನ ಮೂಲಕ ಹೆಚ್ಚು ನೀರು ಹರಿಯುತ್ತದೆ ಅನ್ನುವ 1856ರ ಡಾರ್ಸಿ ನಿಯಮವೇ ಇದಕ್ಕೆ ಆಧಾರ. ಆದರೆ ಅಂತರ್ಜಲ ಆ ಕೆಸರಿನ ಪದರಕ್ಕಿಂತ ಕೆಳಗೆ ಹೋಯಿತು ಅಂದ್ರೆ ಇಂಗುವ ಪ್ರಮಾಣ ಅಷ್ಟಕ್ಕೇ ಸೀಮಿತ. ಬಾವಿಗಳಿಂದ ಇನ್ನೆಷ್ಟೇ ನೀರೆತ್ತಿದರೂ ಅಲ್ಲಿ ಹನಿಯೂ ಹೆಚ್ಚಾಗುವುದಿಲ್ಲ. ನದಿ ಮಟ್ಟವೇ ಏರಬೇಕು.

ನನ್ನ ತಕರಾರಿರುವುದು ಆ ಗುಣಿಸುವ ಸಂಖ್ಯೆಯ ಬಗ್ಗೆ. ಅದನ್ನು ನದಿಗೆ ಇಳಿದು ಅಳೆಯುವವರು ಕಮ್ಮಿ. ಲೆಕ್ಕದಲ್ಲಿ ಬರುವ ಅಂತರ್ಜಲದ ಮಟ್ಟ ಬಾವಿಗಳಲ್ಲಿ ಅಳೆದ ಮಟ್ಟಕ್ಕೆ ಹೊಂದುವ ತನಕ ಸುಮ್ನೆ ಹೆಚ್ಚುಕಮ್ಮಿ ಮಾಡುತ್ತಾರೆ. ಮಳೆಯಿಂದ ಇಂಗಿದ್ದನ್ನು ಜಾಸ್ತಿ ಹಿಡಿದು, ನದಿಯದ್ದನ್ನು ಕಮ್ಮಿ ಮಾಡಿದರೂ ಅದೇ ಮಟ್ಟ ಬರಬಹುದು, ಅಲ್ವಾ? ಮೇಲೊಂದು ಕಡೆ, ಕೆಳಗೊಂದು ಕಡೆ ನದಿಯ ಹರಿವು ಅಳೆದು ವ್ಯತ್ಯಾಸ ನೋಡಿದರೆ ಈ ಗೊಂದಲ ಎಷ್ಟೋ ಕಮ್ಮಿಯಾಗುತ್ತದೆ.

ಇನ್ನೊಂದು ವಿಷಯ, ಆ ಸಂಖ್ಯೆ ವರ್ಷಪೂರ್ತಿ ಒಂದೇ ಇರುವುದಿಲ್ಲ. ಪ್ರವಾಹ ಬಂದರೆ ಹೂಳು ಕೊಚ್ಚಿಹೋಗಿ ತಳ ತೆರೆದುಕೊಳ್ಳುತ್ತದೆ. ನೀರು ಬೆಚ್ಚಗಿದ್ದರೂ ಬೇಗ ಇಂಗುತ್ತದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸ್ನಿಗ್ಧತೆ (ಹರಿಯುವುದಕ್ಕೆ ಒಳಗಿನಿಂದಲೇ ಇರುವ ತಡೆ) 0 ಡಿಗ್ರಿಯಲ್ಲಿರುವುದರ ಸುಮಾರು ಅರ್ಧ. ನಿಮ್ಮ ನಕ್ಷೆ ಯಾವ ಋತುವಿನದ್ದು ಅಂತ ಹಾಕಿದ್ದರೆ ಚೆನ್ನಾಗಿತ್ತು.