ಬೊಕ್ಕತಲೆಗೂ ಕ್ಯಾಪ್

‘ಕ್ಯಾಪ್ ಇಲ್ದೆ ಒಳಗೆ ಬಿಡಂಗಿಲ್ರೀ ಸರ್.’

ದಾವಣಗೆರೆಯ ಈಜುಕೊಳದ ಕೌಂಟರಿನಲ್ಲಿ ಈ ಮಾತು ಕೇಳಿಸಿಕೊಂಡವರ ನೆತ್ತಿ ಬೆಳಗಿನ ಬಿಸಿಲಿಗೆ ಹಿತ್ತಾಳೆ ಚೆಂಬಿನಂತೆ ಹೊಳೆಯುತ್ತಿತ್ತು. ಅವರ ಪಕ್ಕದಲ್ಲೇ ಎದೆ ಮುಟ್ಟುವ ಗಡ್ಡದವರೊಬ್ಬರು ನೆತ್ತಿಗೆ ಮಾತ್ರ ಕ್ಯಾಪ್ ಸಿಕ್ಕಿಸಿಕೊಂಡು, ಗಡ್ಡ ನೀವಿಕೊಳ್ಳುತ್ತಾ ನೀರಿಗಿಳಿದರು. ಫಿಲ್ಟರಿಗೆ ಕೂದಲು ಸಿಕ್ಕಬಾರದು ಎಂಬುದು ನಿಯಮ. ಗಡ್ಡದ್ದೇನು ಕೂದಲಲ್ಲವೇ?

ಮೊದಲಿಗೆ, ಕ್ಯಾಪ್ ಹಾಕಿದರೆ ಕೂದಲು ನೆನೆಯುವುದಿಲ್ಲ ಎಂದು ನಂಬಿರುವವರಿಗೆ ಒಂದು ಮಾತು. ನೆನೆಯುತ್ತದೆ. ಕಿವಿಯ ಹಿಂದಿನಿಂದ, ಕತ್ತಿನ ಬುಡದಿಂದ ನೀರು ನುಗ್ಗಿಯೇ ನುಗ್ಗುತ್ತದೆ. ಕ್ಲೋರಿನ್ ನೀರು ಕೂದಲಿಗೆ ಹೆಚ್ಚು ಹಿಡಿಯಬಾರದೆಂದರೆ ಮೊದಲೇ ಶವರ್ ಕೆಳಗೆ ನಿಂತು ತಲೆಯನ್ನು ಸಾದಾ ನೀರಿನಲ್ಲಿ ನೆನೆಸಬೇಕು. ಅಷ್ಟು ಕುಡಿದ ಕೂದಲಿಗೆ ಆಮೇಲೆ ಕುಡಿಯಲು ಜಾಗ ಕಡಿಮೆ.

ಕೊಳ್ಳುವಾಗ ಬಣ್ಣ ನೋಡುವವರೇ ಹೆಚ್ಚು. ನೋಡಬೇಕಾದದ್ದು ಅಂಚು. ಅಂಚು ಉಳಿದ ಭಾಗಕ್ಕಿಂತ ತುಸು ದಪ್ಪಗಿರಬೇಕು, ಹಣೆಯ ನಡುವೆ ಕೂರಬೇಕು, ಹುಬ್ಬಿನ ಮೇಲಲ್ಲ. ಅರ್ಧ ಗಂಟೆ ಬಿಟ್ಟು ತೆಗೆದಾಗ ಹಣೆಯಲ್ಲಿ ಬರೆ ಎಳೆದಂತೆ ಕೆಂಪು ಗೆರೆ ಉಳಿದರೆ ಬಿಗಿ ಜಾಸ್ತಿಯಾಯಿತು. ಲೇಟೆಕ್ಸ್ ರಬ್ಬರಿನ ಕ್ಯಾಪ್ ತೆಳ್ಳಗೆ, ಅಗ್ಗ, ಕೂದಲು ಕೀಳುತ್ತದೆ, ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಸಿಲಿಕಾನ್ ದಪ್ಪ, ಬಾಳಿಕೆ ಚೆನ್ನ, ಆದರೆ ಏಪ್ರಿಲ್ ಬಿಸಿಲಿಗೆ ತಲೆ ಬೇಯುತ್ತದೆ. ಲೈಕ್ರಾ ಬಟ್ಟೆಯದು ಹಿತ, ಡೈವ್ ಹೊಡೆದರೆ ಮಾತ್ರ ಜಾರುತ್ತದೆ.

ಎಣ್ಣೆಯ ವಿಷಯ ಬೇರೆಯೇ ಇದೆ. ನಮ್ಮ ಕಡೆ ಕ್ಯಾಪಿನ ಶತ್ರು ಕ್ಲೋರಿನ್ ಅಲ್ಲ, ಕೊಬ್ಬರಿ ಎಣ್ಣೆ. ಬೇಸಿಗೆ ಶಿಬಿರ ಶುರುವಾದರೆ ಸಾಕು, ‘ನೆತ್ತಿ ತಂಪಾಗಿರ್ಲಿ’ ಎಂದು ಅಜ್ಜಿ ಬಟ್ಟಲು ಹಿಡಿದು ಕೂರುತ್ತಾಳೆ. ಅಂಗೈಗೆ ಸುರಿದುಕೊಂಡು, ನೆತ್ತಿಗೆ ಪಟಪಟ ತಟ್ಟಿ, ಕಿವಿಯ ಹಿಂದಕ್ಕೆ ಇಳಿಸಿ, ಮಿಕ್ಕಿದ್ದನ್ನು ಹುಬ್ಬಿಗೂ ಮೊಣಕೈಗೂ ಸವರಿ ಮುಗಿಸುತ್ತಾಳೆ. ದೋಸೆಯ ಮೇಲೆ ಬೆಣ್ಣೆಯನ್ನು ಅಳತೆ ನೋಡದೆ ಹಾಕುವ ಊರಿನಲ್ಲಿ ಮೊಮ್ಮಗನ ತಲೆಗೆ ಅಳೆದು ಹಚ್ಚು ಎಂದರೆ ಯಾರು ಕೇಳುತ್ತಾರೆ? ಈ ತಲೆಗೆ ಲೇಟೆಕ್ಸ್ ಹಾಕಿದರೆ ರಬ್ಬರು ಎಣ್ಣೆ ಹೀರಿಕೊಂಡು ಉಬ್ಬುತ್ತದೆ, ಜಿಗುಟಾಗುತ್ತದೆ, ಒಂದು ದಿನ ಎಳೆದ ಕೈಯಲ್ಲೇ ಹರಿಯುತ್ತದೆ. ಸಿಲಿಕಾನ್ ಅಷ್ಟು ಬೇಗ ಕೆಡುವುದಿಲ್ಲ, ಆದರೆ ನಿಲ್ಲುವುದೂ ಇಲ್ಲ. ಹುಡುಗ ನೀರಿಗೆ ಹಾರಿದರೆ ನೆನೆಸಿದ ಅವರೆಕಾಳು ಹಿತುಕಿದ ಹಾಗೆ ತಲೆ ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ. ಎಣ್ಣೆ, ಬೆವರುಗಳ ಜೊತೆ ಗುದ್ದಾಡಿಯೇ ಪೂಲಿನ ಕ್ಲೋರಿನ್ ಖರ್ಚಾಗುತ್ತದೆ. ನೀರಿನ ಮಟ್ಟಕ್ಕೆ ಟೈಲ್ಸಿನ ಸುತ್ತ ಜಿಡ್ಡಿನ ಗೆರೆಯೂ ಕೂರುತ್ತದೆ. ಅಜ್ಜಿಗೆ ಇದನ್ನೆಲ್ಲ ಹೇಳಿ ನೋಡಿ. ‘ಎಣ್ಣಿ ಹಚ್ಚದಿದ್ದಕ್ಕೇ ಈಗಿನ ಹುಡುಗ್ರ ತಲಿ ಇಪ್ಪತ್ತೈದಕ್ಕೇ ಬೋಳಾಗೋದು’ ಎನ್ನುತ್ತಾಳೆ. ಸೋರೆಬುರುಡೆ ಬೆನ್ನಿಗೆ ಕಟ್ಟಿ ಮಕ್ಕಳನ್ನು ಬಾವಿಗೆ ಇಳಿಸಿದವಳು. ಆ ಬಾವಿಗೆ ಫಿಲ್ಟರೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ಹಚ್ಚಲಿ ಬಿಡಿ, ಆದರೆ ಈಜಿ ಬಂದು ತಲೆ ತೊಳೆದ ಮೇಲೆ.

ಹಾಕುವಾಗ ಉಗುರಿನಲ್ಲಿ ಎಳೆಯಬಾರದು. ಎರಡೂ ಅಂಗೈ ಒಳಗೆ ತೂರಿಸಿ ಅಗಲಿಸಿ, ಅಂಚನ್ನು ಹಣೆಗೆ ಊರಿ, ಹಿಂದಕ್ಕೆ ಇಳಿಸಬೇಕು. ಉದ್ದ ಜಡೆಯವರು ತುರುಬನ್ನು ನೆತ್ತಿಯಲ್ಲಲ್ಲ, ಕತ್ತಿನಿಂದ ನಾಲ್ಕು ಬೆರಳು ಮೇಲೆ ಕಟ್ಟಬೇಕು, ಪಿನ್ನು ಚುಚ್ಚದೆ. ದಟ್ಟ ಗುಂಗುರು ಕೂದಲಿನವರಿಗೆಂದೇ ಮಾಡಿದ ‘ಸೋಲ್ ಕ್ಯಾಪ್’ ತಲೆಯ ಸಹಜ ಆಕಾರಕ್ಕೆ ಹೊಂದುವುದಿಲ್ಲ ಎಂದು ಅಂತರರಾಷ್ಟ್ರೀಯ ಈಜು ಒಕ್ಕೂಟ 2021ರ ಟೋಕಿಯೊ ಒಲಿಂಪಿಕ್ಸ್‌ಗೆ ಬೇಡವೆಂದಿತು, 2022ರಲ್ಲಿ ಒಪ್ಪಿಕೊಂಡಿತು. ಯಾರ ತಲೆಯ ಸಹಜ ಆಕಾರ ಎಂದು ಮಾತ್ರ ಹೇಳಲಿಲ್ಲ.

ಈಜಿದ ಮೇಲೆ ಸಾದಾ ನೀರಿನಲ್ಲಿ ಒಳಹೊರಗೆ ತೊಳೆದು, ಟವಲ್ಲಿನಿಂದ ಒತ್ತಿ, ನೆರಳಲ್ಲಿ ಆರಿಸಿದರೆ ಆಯಿತು. ಜನ ಮಾಡುವುದು ಬೇರೆ. ಒದ್ದೆ ಕ್ಯಾಪನ್ನು ಉಂಡೆ ಮಾಡಿ ಸ್ಕೂಟರ್ ಸೀಟಿನಡಿ ತುರುಕಿ, ಬಿಸಿಲಲ್ಲಿ ನಿಲ್ಲಿಸಿ, ಮಿರ್ಚಿ ಮಂಡಕ್ಕಿ ತಿನ್ನಲು ಹೋಗುತ್ತಾರೆ. ಸಂಜೆ ತೆಗೆದರೆ ಲೇಟೆಕ್ಸ್ ತನಗೆ ತಾನೇ ಅಂಟಿಕೊಂಡಿರುತ್ತದೆ. ಬಿಡಿಸಲು ಹೋದರೆ ಚರ್‍! ಆರಿದ ಮೇಲೆ ಒಳಗೆ ಚಿಟಿಕೆ ಟಾಲ್ಕಮ್ ಪೌಡರ್ ಉದುರಿಸಿಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ. ಸಿಲಿಕಾನಿಗೆ ಪೌಡರ್ ಬೇಕಿಲ್ಲ. ಆದರೆ ಅದರ ಅಂಚು ಒಮ್ಮೆ ಸೀಳಿದರೆ ಮುಗಿಯಿತು, ಪಂಕ್ಚರ್ ಸೊಲ್ಯೂಷನ್ ಕೂಡ ಅದಕ್ಕೆ ಹಿಡಿಯುವುದಿಲ್ಲ.

ಬೊಕ್ಕತಲೆಯವರು ಅಷ್ಟರಲ್ಲಿ ಕೌಂಟರಿನಲ್ಲೇ ಇದ್ದ ತೆಳು ಲೇಟೆಕ್ಸ್ ಕ್ಯಾಪ್ ಕೊಂಡಿದ್ದಾರೆ. ಕೂದಲು ಕೀಳುತ್ತದೆ ಎಂಬ ಭಯ ಅವರಿಗೆ ಹೇಗೂ ಇಲ್ಲ. ಗಡ್ಡದವರದು ಆರನೇ ಲ್ಯಾಪ್.